ಒಣಗಿದ ಮರಳಿನ ತೂಕ

ಮರದ ಮೀಟರ್ ಕೋಲಿನ ನಡುವಿಗೆ ದಾರ ಕಟ್ಟಿ ತೂಗುಬಿಡುವುದು, ಎಡಕ್ಕೊಂದು ತೂಕ, ಬಲಕ್ಕೊಂದು ತೂಕ ನೇತುಹಾಕಿ ಅದು ನೆಲಕ್ಕೆ ಸಮನಾಗಿ ನಿಲ್ಲುವಂತೆ ಮಾಡುವುದು: ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹೊಸ ಮಕ್ಕಳಿಗೆ ಕೊಡುವ ಮೊದಲ ಪ್ರಯೋಗ ಇದು. ನೋಡುವವರಿಗೆ ಮಕ್ಕಳಾಟ. ತೂಕವನ್ನು ನಡುವಿನಿಂದ ಅದಿರುವ ದೂರದಿಂದ ಗುಣಿಸಿದರೆ ಬರುವುದು ತಿರುಗಿಸುವ ಬಲ. ಎರಡೂ ಕಡೆಯ ಬಲ ಒಂದೇ ಆದರೆ ಕೋಲು ನಿಲ್ಲುತ್ತದೆ. ಇಷ್ಟೇ. ಇಪ್ಪತ್ತೆರಡು ವರ್ಷ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಇದನ್ನೇ ಹಿಡಿದುಕೊಂಡು ಬದುಕಿನಲ್ಲೂ ಸಮತೋಲನ ಇರಬೇಕು ಎಂದು ಭಾಷಣ ಬಿಗಿಯುವ ನಮ್ಮ ಪ್ರಿನ್ಸಿಪಾಲರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೋಲು ಕೋಲೇ, ಬದುಕು ಬದುಕೇ. ಈಗಲೂ ನಾನು ಹೇಳುವುದು ಅದನ್ನೇ. ಆದರೆ ನಮ್ಮ ತಕ್ಕಡಿಯಣ್ಣನ ವಿಷಯ ಹೇಳುವಾಗ ಮಾತ್ರ ಈ ಎರಡನ್ನೂ ಬೇರೆ ಬೇರೆ ಇಡಲು ನನ್ನಿಂದ ಆಗುವುದಿಲ್ಲ.

ತಕ್ಕಡಿಯಣ್ಣ ನಮ್ಮ ಪ್ರಯೋಗಾಲಯದ ಅಟೆಂಡರ್. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಹುಡುಗರು ಇಟ್ಟ ಅಡ್ಡಹೆಸರೇ ಅಂಟಿಕೊಂಡುಬಿಟ್ಟಿತು. ಏಕೆಂದರೆ ಈ ಮನುಷ್ಯ ಏನು ಕಂಡರೂ ತೂಗುತ್ತಿದ್ದ. ಹೊಸ ಸೀಮೆಸುಣ್ಣದ ಡಬ್ಬಿ ಬಂದರೆ ತೂಗುವನು. ಊಟದ ಡಬ್ಬಿಯನ್ನು ತೆರೆಯುವ ಮೊದಲು ಅಂಗೈಯಲ್ಲಿ ಎತ್ತಿ ಆಡಿಸಿ, 'ನಾನೂರೈವತ್ತು' ಎನ್ನುವನು. ಹುಡುಗಿಯೊಬ್ಬಳು ಪರೀಕ್ಷೆಗೆ ಮುಂಚೆ ಕೈ ಚಾಚಿ, "ಅಣ್ಣಾ, ನನ್ನ ತಲೇಲಿ ಏನಾದ್ರೂ ಇದೆಯಾ ತೂಗಿ ಹೇಳಿ" ಎಂದಾಗ, "ಬಟ್ಟಲು ಸಾಲದು ಕಣಮ್ಮ" ಎಂದು ಅವಳನ್ನು ನಗಿಸಿ ಒಳಗೆ ಕಳಿಸಿದ್ದ. ನಗಿಸುತ್ತಿದ್ದನೇ ಹೊರತು ತಾನು ನಗುತ್ತಿರಲಿಲ್ಲ.

ವಯಸ್ಸು ಐವತ್ತರ ಹತ್ತಿರ. ಸಣಕಲು ಮೈ, ಆದರೆ ಮುಂಗೈ ಮಾತ್ರ ಹಗ್ಗ ಎಳೆದೆಳೆದು ಗಂಟುಗಟ್ಟಿದ್ದು. ಮದುವೆಯಾಗಿರಲಿಲ್ಲ. ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ಒಂದರಲ್ಲಿ, ಗಂಡನನ್ನು ಕಳೆದುಕೊಂಡ ಅಕ್ಕ, ಅಕ್ಕನ ಮಗಳು, ಇವನು, ಮೂವರೇ. ನಮ್ಮಲ್ಲಿಗೆ ಬರುವ ಮೊದಲು ಎತ್ತರದ ಕಟ್ಟಡಗಳಿಗೆ ಹೊರಗಿನಿಂದ ಬಣ್ಣ ಬಳಿಯುವವರ ತಂಡದಲ್ಲಿದ್ದ ಎಂದು ಮಾತ್ರ ನನಗೆ ಗೊತ್ತಿತ್ತು. ಬಣ್ಣ ಬಳಿಯುವುದಲ್ಲ, ಬಣ್ಣ ಬಳಿಯುವವರು ನಿಲ್ಲುವ ತೂಗುತೊಟ್ಟಿಲನ್ನು ಕಟ್ಟುವುದು ಅವನ ಕೆಲಸ. ಅದನ್ನು ಬಿಟ್ಟು ಅರ್ಧ ಸಂಬಳಕ್ಕೆ ಇಲ್ಲಿಗೆ ಯಾಕೆ ಬಂದ ಎಂದು ನಾನು ಕೇಳಿರಲಿಲ್ಲ. ಕಂಡವರ ಮನೆಯ ವಿಷಯಕ್ಕೆ ಮೂಗು ತೂರಿಸುವ ಚಟ ನನಗಿಲ್ಲ. ಈಗ ಅನ್ನಿಸುತ್ತದೆ, ಅದು ಸದ್ಗುಣವೇನೂ ಅಲ್ಲ, ಸೋಮಾರಿತನ.

ಕೇಳದಿದ್ದರೂ ಕಾಣುತ್ತಿತ್ತು. ಮಕ್ಕಳು ಕೋಲನ್ನು ಸಮಮಾಡುವಾಗಲೆಲ್ಲ ಅವನು ಎಲ್ಲಿದ್ದರೂ ಬಂದು ನಿಲ್ಲುವನು. ಭಾರದ ಕಡೆಯ ತುದಿಯ ಕೆಳಗೆ ಅಂಗೈ ಹಿಡಿಯುವನು, ಮುಟ್ಟದೆ, ಒಂದಿಂಚು ಬಿಟ್ಟು. ಕೋಲು ಬಿದ್ದರೆ ಏನಾಗುತ್ತದೆ? ಮೇಜಿನ ಮೇಲೆ ಟಕ್ ಎಂದು ಸದ್ದಾಗುತ್ತದೆ, ಅಷ್ಟೆ. ಆದರೆ ಅವನ ಹಣೆಯಲ್ಲಿ ಬೆವರು. ಒಮ್ಮೆ ಪ್ರಯೋಗ ಮುಗಿದು ಮಕ್ಕಳು ಹೋದ ಮೇಲೆ ನನ್ನ ಕನ್ನಡಕ ಮರೆತು ವಾಪಸು ಬಂದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನವರೆಗೂ ಚಾಚಿತ್ತು. ಒಂದು ಗಾಳಿಯೆಳೆಯೂ ಇಲ್ಲ. ಆದರೂ ಕೊನೆಯ ಮೇಜಿನ ಮೇಲಿದ್ದ ಕೋಲು ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ತಕ್ಕಡಿಯಣ್ಣ ಅದರ ಮುಂದೆ ಕೈಕಟ್ಟಿ ನಿಂತು, "ಅಲ್ಲಾಡಬೇಡಿ ಭಾವ, ಸ್ವಲ್ಪ ತಡೀರಿ, ಅಲ್ಲಾಡಬೇಡಿ" ಎನ್ನುತ್ತಿದ್ದ.

ದೆವ್ವ ಭೂತ ನಂಬುವವಳಲ್ಲ ನಾನು. ಯಾರೋ ಹೋಗುವಾಗ ಕೈ ತಗುಲಿಸಿ ಹೋಗಿರಬೇಕು, ಅದಕ್ಕೇ ಆಡುತ್ತಿದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಳಿಕೊಂಡರೂ ಕನ್ನಡಕ ತೆಗೆದುಕೊಳ್ಳದೆ ಹಾಗೆಯೇ ಹಿಂದಕ್ಕೆ ಹೋದೆ. ಆ ಸಂಜೆ ಬಸ್ಸಿನ ಬೋರ್ಡು ಓದಲಾಗದೆ ಪಕ್ಕದವರನ್ನು ಕೇಳಬೇಕಾಯಿತು.

ಇದೆಲ್ಲ ಹಾಗೆಯೇ ಸಾಗುತ್ತಿತ್ತು. ಹೋದ ವರ್ಷದ ಬೇಸಿಗೆಯಲ್ಲಿ ನಾನು ಒಂದು ಹುಚ್ಚು ಕೆಲಸ ಮಾಡಿದೆ.

ಹಿತ್ತಾಳೆ ತೂಕಗಳಲ್ಲಿ ಕೆಲವು ಕಳೆದುಹೋಗಿದ್ದವು. ಹೊಸದಕ್ಕೆ ಅರ್ಜಿ ಬರೆದು ಕೂತರೆ ಮುಂದಿನ ತಲೆಮಾರಿನ ಮಕ್ಕಳಿಗೆ ಸಿಕ್ಕೀತು. ಅದಕ್ಕೆ ಮಕ್ಕಳ ಕೈಯಲ್ಲೇ ಬಟ್ಟೆಯ ಪುಟ್ಟ ಚೀಲ ಹೊಲಿಸಿ, ಕಾಲೇಜಿನ ಹೊಸ ಗೋಡೆಗೆ ತಂದು ಸುರಿದಿದ್ದ ಮರಳನ್ನು ತುಂಬಿಸಿದೆ. ಮರಳು ಗಲೀಜಾಗಿತ್ತು, ತೊಳೆದು ತುಂಬಿ ಎಂದೆ. ಇನ್ನೂರು ಗ್ರಾಮಿನ ಮರಳಿನ ಚೀಲ ನಡುವಿನಿಂದ ಇಪ್ಪತ್ತು ಸೆಂಟಿಮೀಟರಿಗೆ ಒಂದು ಕಡೆ, ನೂರು ಗ್ರಾಮಿನ ಹಿತ್ತಾಳೆ ನಲವತ್ತಕ್ಕೆ ಇನ್ನೊಂದು ಕಡೆ. ಕೋಲು ಗೆರೆ ಎಳೆದಂತೆ ನಿಂತಿತು. ಶುಕ್ರವಾರದ ಸಂಜೆ. ಸೋಮವಾರ ಇನ್ನೊಂದು ತರಗತಿಗೆ ತೋರಿಸೋಣ ಎಂದು ಬಿಚ್ಚದೆ ಹಾಗೆಯೇ ಬಿಟ್ಟು ಬೀಗ ಹಾಕಿಸಿದೆ.

ಸೋಮವಾರ ಬಾಗಿಲು ತೆಗೆದರೆ ಹಿತ್ತಾಳೆಯ ಕಡೆ ಮೇಜಿಗೆ ತಾಗಿ ಕೂತಿದೆ, ಮರಳಿನ ಚೀಲ ಮೇಲಕ್ಕೆ ಹೋಗಿ ನಿಂತಿದೆ. ಬೀಗದ ಕೈ ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಬೆಳಿಗ್ಗೆ ಬಸ್ಸು ತಪ್ಪಿ ನನ್ನ ತಲೆ ಬಿಸಿಯಾಗಿತ್ತು ಬೇರೆ.

"ಏನಣ್ಣ, ಇದಕ್ಕೆ ಯಾಕೆ ಕೈ ಹಾಕಿದ್ರಿ? ಬಿಟ್ಟಿರಿ ಅಂತ ಹೇಳಿರಲಿಲ್ವಾ?"

"ನಾನು ಮುಟ್ಟಿಲ್ಲ ಮೇಡಂ."

"ಹಾಗಾದ್ರೆ ಅದೇ ಎದ್ದು ನಡೆದಾಡ್ತಾ?"

ಅವನು ಬಗ್ಗಿ ಮೇಜಿನ ಮೇಲೆ, ಕೆಳಗೆ, ನೆಲದ ಮೇಲೆ ಬೆರಳಾಡಿಸಿದ. ಮರಳು ಸೋರಿದೆಯೇ ಎಂದು ನೋಡುತ್ತಿದ್ದ. ಒಂದು ಕಣವೂ ಸಿಗಲಿಲ್ಲ. ಚೀಲ ಬಿಚ್ಚಿ ತಕ್ಕಡಿಯ ಮೇಲಿಟ್ಟ. ನೂರ ಅರವತ್ತೆಂಟು. ತೆಗೆದು ಮತ್ತೆ ಇಟ್ಟ. ನೂರ ಅರವತ್ತೆಂಟು.

"ಚೀಲ ಹರಿದಿಲ್ಲ, ಮರಳು ಹೋಗಿಲ್ಲ. ಮೂವತ್ತೆರಡು ಗ್ರಾಮು ಎಲ್ಲಿಗೆ ಹೋಯ್ತು ಮೇಡಂ?"

ಅಷ್ಟರಲ್ಲಿ ನನಗೆ ಹೊಳೆದಿತ್ತು. ನಕ್ಕುಬಿಟ್ಟೆ. "ಅಯ್ಯೋ ನನ್ನ ಬುದ್ಧಿಗಿಷ್ಟು! ಒದ್ದೆ ಮರಳಲ್ವಾ, ಒಣಗಿದೆ. ನೀರು ಹಾರಿಹೋಯ್ತು, ತೂಕವೂ ಹೋಯ್ತು. ಸುಮ್ಮನೆ ನಿಮ್ಮನ್ನ ಬೈದೆ."

ಆ ನಗುವನ್ನು ಈಗ ನೆನೆದರೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ತಕ್ಕಡಿಯಣ್ಣ ನನ್ನ ಮುಖ ನೋಡಿದ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೇಜಿನ ಕಾಲಿಗೆ ಒರಗಿ, ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟ. ಮಕ್ಕಳು ಒಳಗೆ ಬರುತ್ತಿದ್ದರು. ಸಕ್ಕರೆ ಕಾಯಿಲೆಯೋ ಏನೋ ಎಂದು ನೀರು ತರಲು ಓಡಿದರು. ತಂದ ನೀರಿನ ಲೋಟವನ್ನು ಅವನು ಕೈಯಿಂದ ಆಚೆಗೆ ತಳ್ಳಿದ.

ನಾಲ್ಕು ದಿನ ರಜೆ ಹಾಕಿದ. ಐದನೆಯ ದಿನ ಬಂದವನು, ಕೆಲಸ ಮುಗಿದ ಮೇಲೆ ನನ್ನ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡು ಕೂತ. ಹದಿನೈದು ವರ್ಷದಲ್ಲಿ ಅವನು ನನ್ನೆದುರು ಕೂತದ್ದು ಅದೇ ಮೊದಲು.

ಹದಿನೆಂಟು ವರ್ಷದ ಹಿಂದಿನ ಮಾತು. ಎಂಟು ಮಹಡಿಯ ಕಟ್ಟಡ. ಮಾಳಿಗೆಯ ಮೇಲೆ ಎರಡು ಕಬ್ಬಿಣದ ತೊಲೆಗಳನ್ನು ಅಂಚಿನಿಂದ ಹೊರಗೆ ಚಾಚಿದ್ದರು. ಹೊರಗೆ ನಾಲ್ಕು ಅಡಿ, ಒಳಗೆ ಒಂಬತ್ತು ಅಡಿ. ಹೊರಗಿನ ತುದಿಗಳಿಗೆ ತೊಟ್ಟಿಲು, ಒಳಗಿನ ತುದಿಗಳ ಮೇಲೆ ಮರಳಿನ ಮೂಟೆ. ಮೂಟೆ ಒತ್ತಿ ಹಿಡಿದಿದ್ದರೆ ತೊಟ್ಟಿಲು ನಿಲ್ಲುತ್ತದೆ. ನಮ್ಮ ಕೋಲಿನದೇ ಲೆಕ್ಕ, ಒಂದು ತುದಿಯಲ್ಲಿ ಮನುಷ್ಯ ನಿಂತಿರುತ್ತಾನೆ ಎನ್ನುವುದೊಂದೇ ವ್ಯತ್ಯಾಸ. ಆ ಮನುಷ್ಯ ಇವನ ಭಾವ, ಅಕ್ಕನ ಗಂಡ. ಇವನನ್ನು ಆ ಕೆಲಸಕ್ಕೆ ಸೇರಿಸಿದವನೂ ಅವನೇ.

"ಒಂದೊಂದು ತೊಲೆಗೆ ನಾಲ್ಕು ಮೂಟೆ ಮೇಡಂ. ಒಂದೊಂದೂ ಇಪ್ಪತ್ತೈದು ಕೇಜಿ. ನಾನೇ ಕೊಕ್ಕೆ ತಕ್ಕಡಿಗೆ ಹಾಕಿ ತೂಗಿ, ನಾನೇ ಸುಣ್ಣದ ಕಡ್ಡೀಲಿ ಇಪ್ಪತ್ತೈದು ಅಂತ ಬರೆದೆ. ಎಂಬತ್ತು ಇದ್ರೆ ತೊಟ್ಟಿಲು ತಡೀತಿತ್ತು, ನಾನು ನೂರು ಇಟ್ಟಿದ್ದೆ."

"ಇನ್ನೂ ಜಾಸ್ತಿ ಇಡಬೇಕಿತ್ತಲ್ಲ?"

"ಇಡಬೇಕಿತ್ತು. ಮೂರು ಪಟ್ಟು ಇಡಬೇಕು ಅಂತ ಮೇಸ್ತ್ರಿಗೂ ಗೊತ್ತು, ನನಗೂ ಗೊತ್ತು. ಮಿಕ್ಕಿದ ಮೂಟೆ ಹಿಂದಿನ ಗೋಡೆಯ ತೊಟ್ಟಿಲಿಗೆ ಹೋಗಿದ್ವು. ಅವತ್ತಿನವರೆಗೂ ಹಾಗೇ ನಡೀತಿತ್ತು, ಏನೂ ಆಗಿರಲಿಲ್ಲ."

ಮಾಳಿಗೆಯ ಮೇಲೆ ಗಾಳಿ. ಮೂಟೆ ತುಂಬುವಾಗ ಮರಳು ಹಾರಿ ಕೆಳಗೆ ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಬಳಿದ ಗೋಡೆ ಉಪ್ಪುಕಾಗದದ ಹಾಗಾಗಿದೆ ಎಂದು ಮೇಸ್ತ್ರಿ ಕೂಗಾಡಿದ. ಅದಕ್ಕೆ ಮರಳಿಗೆ ನೀರು ಹಾಕಿ ಕಲಸಿ ತುಂಬಿದರು. ತುಂಬಿದ ಮೂಟೆಗಳನ್ನು ಇವನು ತೂಗಿದ, ಬರೆದ, ಪೇರಿಸಿದ. ಮಾರನೆಯ ದಿನ ಬಣ್ಣದ ಡಬ್ಬಗಳು ಬರಲಿಲ್ಲ. ನಾಲ್ಕು ದಿನ ಕೆಲಸ ನಿಂತಿತು. ಬೇಸಿಗೆಯ ಬಿಸಿಲು, ಕಾದ ಮಾಳಿಗೆ. ಐದನೆಯ ಬೆಳಿಗ್ಗೆ ಹತ್ತಿ ನೋಡಿದರೆ ಮೂಟೆಗಳು ಇಟ್ಟಲ್ಲೇ ಇದ್ದವು. ಮೇಲೆ ತಾನೇ ಬರೆದ ಇಪ್ಪತ್ತೈದು ಅಚ್ಚ ಬಿಳಿಯಾಗಿ ಕಾಣುತ್ತಿತ್ತು.

"ಪ್ರತಿದಿನ ತೊಟ್ಟಿಲಿಗೆ ಇಳಿಯೋ ಮುಂಚೆ ಭಾವ ತಲೆ ಎತ್ತಿ ಕೇಳೋರು, 'ಗಟ್ಟಿ ಇದೆಯೇನೋ?' ಅಂತ. ನಾನು 'ಕಲ್ಲಿನ ಹಾಗಿದೆ ಭಾವ' ಅನ್ನೋನು. ಅವತ್ತೂ ಅಂದೆ. ಸೊಂಟಕ್ಕೆ ಹಗ್ಗ ಇತ್ತು ಮೇಡಂ. ಅದನ್ನೂ ಅದೇ ತೊಲೆಗೆ ಕಟ್ಟಿದ್ವಿ."

ನಾನು ಅಭ್ಯಾಸಬಲದಿಂದ ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತೈದು ಕೇಜಿಯ ಮೂಟೆ ಒಣಗಿದರೆ ಇಪ್ಪತ್ತೊಂದು. ನೂರು ಹೋಗಿ ಎಂಬತ್ತನಾಲ್ಕು. ಆ ದಿನ ತಡವಾಗಿದ್ದ ಕೆಲಸಕ್ಕೆಂದು ತೊಟ್ಟಿಲಲ್ಲಿ ಒಂದು ಡಬ್ಬ ಬಣ್ಣ ಹೆಚ್ಚಿಗೆ ಇಟ್ಟಿದ್ದರಂತೆ. ಹಾಗಾದರೆ ಆ ಕಡೆಗೂ ಎಂಬತ್ತನಾಲ್ಕೇ ಬೇಕು. ಎರಡೂ ಸರಿಸಮ, ಕೂದಲೆಳೆಯಷ್ಟೂ ಮಿಗಲಿಲ್ಲ. ಆಮೇಲೆ ಮನುಷ್ಯ ಬ್ರಷ್ಷಿಗೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೂ ಸಾಕು.

ತನಿಖೆಗೆ ಬಂದವರಿಗೆ ಒಡೆದ ಮೂಟೆ, ಚೆಲ್ಲಿದ ಮರಳು ಬಿಟ್ಟರೆ ತೂಗಲು ಏನೂ ಸಿಗಲಿಲ್ಲ. ಸತ್ತವನ ಬಟ್ಟೆಯಲ್ಲಿ ಘಾಟು ವಾಸನೆ ಇತ್ತು. ಅದು ಮೈಮೇಲೆ ಚೆಲ್ಲಿದ್ದ, ಬಣ್ಣಕ್ಕೆ ಬೆರೆಸುವ ತಿನ್ನರ್. ಆದರೆ ಅವನು ಅಪರೂಪಕ್ಕೆ ಕುಡಿಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಕುಡಿದು ಹತ್ತಿ, ತೊಟ್ಟಿಲಿನ ಅಂಚಿಗೆ ಹೋಗಿ, ಕುಣಿದಾಡಿ ಬೀಳಿಸಿಕೊಂಡ ಎಂದು ಬರೆದರು. ಮೇಸ್ತ್ರಿ ಹೌದೆಂದ. ಇವನು? ಇವನು ತನ್ನ ಕೈಯಾರೆ ತೂಗಿದ ಮೂಟೆಯನ್ನು ನಂಬಿದ. ತೂಕ ಸರಿಯಿದ್ದರೆ ತಪ್ಪು ಭಾವನದೇ ಇರಬೇಕಲ್ಲ. ಅಕ್ಕ ಬಂದು, "ನಿಜ ಹೇಳೋ, ಕುಡಿದಿದ್ನಾ ಆ ಮನುಷ್ಯ?" ಎಂದು ಕೇಳಿದಾಗ, "ಹೌದಂತೆ ಅಕ್ಕ" ಎಂದುಬಿಟ್ಟ.

ನಂಬಿದರೂ ನೆಮ್ಮದಿ ಸಿಗಲಿಲ್ಲ. ಎಲ್ಲಿ ಏನು ಸಮವಾಗಿ ನಿಂತರೂ, ಅಂಗಡಿಯ ತಕ್ಕಡಿಯಾಗಲಿ, ಪಾರ್ಕಿನಲ್ಲಿ ಮಕ್ಕಳು ಕೂತ ಏರುಪೇರಿನ ಹಲಗೆಯಾಗಲಿ, ಅದರ ಆ ತುದಿಯಿಂದ ಭಾವನ ದನಿ ಕೇಳಿಸುತ್ತಿತ್ತಂತೆ, ಗಟ್ಟಿ ಇದೆಯೇನೋ ಎಂದು. ಇನ್ನು ತೊಲೆ ಕಟ್ಟಲಾಗದು ಎಂದು ಓಡಿಬಂದವನಿಗೆ ಸಿಕ್ಕಿದ್ದು ಅದೇ ತೊಲೆಯನ್ನು ಮೇಜಿನ ಮೇಲೆ ಕಟ್ಟುವ ನಮ್ಮ ಕೆಲಸ.

"ಮೂರು ವರ್ಷ ಕೆಲಸ ಇಲ್ಲದೆ ಅಲೆದೆ. ಸಿಕ್ಕಿದ್ದು ಇದು. ಬಿಡೋ ಹಾಗಿರಲಿಲ್ಲ" ಎಂದ.

ನಾನು ಮೂರ್ಖಳ ಹಾಗೆ ಸಮಾಧಾನಕ್ಕೆ ಇಳಿದೆ. "ನೋಡಿ ಅಣ್ಣ, ಒಣಗುವಂಥದ್ದನ್ನ, ಸೋರುವಂಥದ್ದನ್ನ ಎದುರು ತೂಕಕ್ಕೆ ಇಡಲೇಬಾರದು. ಮೂರು ಪಟ್ಟು ಇಟ್ಟಿದ್ರೆ ಒಣಗಿದ್ರೂ ಏನೂ ಆಗ್ತಿರಲಿಲ್ಲ. ತಪ್ಪು ಮೇಸ್ತ್ರಿದು. ನಿಮ್ಮ ಅಕ್ಕನಿಗೆ ಹೇಳಿ. ನಿಮ್ಮ ಭಾವ ಕುಡಿದಿರಲಿಲ್ಲ ಅಂತ ಅವರಿಗೆ ಗೊತ್ತಾಗಲಿ."

"ನೀರು ಹಾಕಿದ್ದು ಅಕ್ಕ ಮೇಡಂ."

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ.

"ಅಲ್ಲೇ ಕೂಲಿ ಮಾಡ್ತಿದ್ಲು. ಕೆಳಗಿನ ತೊಟ್ಟಿಯಿಂದ ನೀರು ಹೊತ್ಕೊಂಡು ಬಂದು ಮರಳಿಗೆ ಹಾಕಿದೋಳು ಅವಳೇ. ಭಾವ ಕುಡಿದಿರಲಿಲ್ಲ ಅಂತ ನಾನು ಹೇಳಿದ್ರೆ, ಮತ್ತೆ ಹೇಗೆ ಬಿದ್ರು ಅಂತ ಕೇಳ್ತಾಳೆ. ಏನು ಹೇಳಲಿ?"

ಇಪ್ಪತ್ತೆರಡು ವರ್ಷ ಎರಡೂ ಕಡೆ ಸಮಮಾಡುವುದನ್ನು ಕಲಿಸಿದವಳು ನಾನು. ಗಂಡನಿಗೆ ಮರ್ಯಾದೆ ವಾಪಸು ಕೊಟ್ಟರೆ ಹೆಂಡತಿಯ ತಲೆಯ ಮೇಲೆ ಸಾವು ಬಂದು ಕೂರುತ್ತದೆ. ಅವಳನ್ನು ಉಳಿಸಿದರೆ ಸತ್ತವನು ಕುಡುಕನಾಗಿಯೇ ಉಳಿಯುತ್ತಾನೆ. ಯಾವ ತುದಿಗೆ ಏನು ಕಟ್ಟಿದರೂ ಇದು ನಿಲ್ಲುವುದಿಲ್ಲ.

ಏಳು ತಿಂಗಳು ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ತೂಗುವುದನ್ನು ಬಿಟ್ಟ. ತಮಾಷೆ ನಿಂತಿತು. ಮಕ್ಕಳು ಕೋಲು ಕಟ್ಟುವಾಗ ಅಂಗೈ ಹಿಡಿಯಲು ಬರುತ್ತಿರಲಿಲ್ಲ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದ. ಹೊಟ್ಟೆಯ ಮೇಲಿನ ಬೆಲ್ಟು ಎರಡು ತೂತು ಒಳಗೆ ಹೋಗಿತ್ತು.

ಅವನನ್ನು ಅಲುಗಿಸಿದ್ದು ಸೊಸೆ, ಅಕ್ಕನ ಮಗಳು. ಇಪ್ಪತ್ತರ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಅರ್ಜಿ ತುಂಬುತ್ತಿದ್ದಳಂತೆ. ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದಳು. ಮರೆತಿದ್ದೀಯ ಎಂದು ಇವನು ತೋರಿಸಿದ. "ಮರೆತಿಲ್ಲ ಮಾವ. ಕುಡಿದು ಬಿದ್ದು ಸತ್ತವನ ಹೆಸರನ್ನ ನಾನ್ಯಾಕೆ ಜೊತೇಲಿ ಹೊತ್ಕೊಂಡು ತಿರುಗಲಿ? ಬೇಕಾದ್ರೆ ನಿನ್ನ ಹೆಸರು ಬರೀತೀನಿ" ಎಂದಳು. ಅಷ್ಟಕ್ಕೆ ನಿಲ್ಲಿಸದೆ ಪೆನ್ನು ಎತ್ತಿ ಇವನ ಹೆಸರಿನ ಮೊದಲ ಅಕ್ಷರ ಬರೆದೇಬಿಟ್ಟಳು.

ಮಾರನೆಯ ದಿನ ಬಂದು ನನ್ನ ಮುಂದೆ ನಿಂತ. "ಮೇಡಂ, ಅಕ್ಕನನ್ನೂ ಮಗೂನೂ ಇಲ್ಲಿಗೆ ಕರ್ಕೊಂಡು ಬರ್ತೀನಿ. ಆ ಮರಳಿಂದು ಒಂದ್ಸಲ ಮಾಡಿ ತೋರಿಸಬೇಕು. ನನ್ನ ಬಾಯಿಂದ ಹೊರಡಲ್ಲ. ಕಣ್ಣಾರೆ ನೋಡಲಿ. ಆದ್ರೆ ನೀರು ಹಾಕಿದ್ದು ನಾನು ಅಂತ ಹೇಳ್ತೀನಿ. ನೀವು ತುಟಿ ಪಿಟಕ್ ಅನ್ನಬಾರದು."

"ನಿಮ್ಮಕ್ಕನಿಗೆ ನೆನಪಿರಲ್ವಾ?"

"ಹದಿನೆಂಟು ವರ್ಷ ಆಯ್ತು. ಅವಳು ದಿನಾ ಹೊತ್ತ ನೀರು ಎಷ್ಟೋ. ಯಾವ ಕೊಡ ಯಾವ ದಿನದ್ದು ಅಂತ ಎಲ್ಲಿ ನೆನಪಿರುತ್ತೆ?"

"ಆಮೇಲೆ ನಿಮ್ಮನ್ನ ಮನೆಯಿಂದ ಆಚೆ ಹಾಕಿದ್ರೆ?"

"ಹಾಕಲಿ" ಎಂದ. ಆ ಮನೆಯ ಹೊರತು ಅವನಿಗೆ ಈ ಭೂಮಿಯ ಮೇಲೆ ಏನೂ ಇರಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಇಬ್ಬರೂ ಬಂದರು. ಅಕ್ಕ ದಪ್ಪ ಮೂಳೆಯ, ಗಟ್ಟಿ ಹೆಂಗಸು. ಈಗ ಹಾಸಿಗೆ ದಿಂಬು ಹೊಲಿಯುವ ಕೆಲಸ, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಒಳಗೆ ಬಂದವಳೇ ಪ್ರಯೋಗಾಲಯವನ್ನು ಸುತ್ತ ನೋಡಿ, "ಹದಿನೈದು ವರ್ಷದಿಂದ ಇಲ್ಲಿ ಏನ್ ಕಡಿದು ಕಟ್ಟೆ ಹಾಕ್ತಿದ್ದಾನೆ ಅಂತ ಇವತ್ತು ನೋಡೋ ಹಾಗಾಯ್ತು" ಎಂದು ನಕ್ಕಳು. ತಮ್ಮ ನಗಲಿಲ್ಲ. ಬಟ್ಟಲಿನಲ್ಲಿ ಮರಳು ಹಾಕಿ, ನೀರು ಸುರಿದು, ಬೆರಳಲ್ಲಿ ಕಲಸಿದ. ಚೀಲಕ್ಕೆ ತುಂಬಿ ಹೊಲಿದ. ತೂಗಿ, ಇನ್ನೂರು ಎಂದು ಸೀಮೆಸುಣ್ಣದಲ್ಲಿ ಚೀಲದ ಮೇಲೆ ಬರೆದ. ಕೋಲು ಸಮನಾಗಿ ನಿಂತಿತು. ಸೋಮವಾರ ಮತ್ತೆ ಬರಬೇಕು ಎಂದೆ. "ಇದನ್ನ ನೋಡೋಕೆ ಎರಡು ದಿನದ ಕೆಲಸ ಹಾಳು" ಎಂದು ಗೊಣಗಿಕೊಂಡು ಹೋದಳು. ಆದರೆ ಬಾಗಿಲ ಬಳಿ ಒಮ್ಮೆ ನಿಂತು, ತಿರುಗಿ, ಆ ಚೀಲವನ್ನು ನೋಡಿದಳು.

ಸೋಮವಾರ ನಾಲ್ಕೂವರೆ. ನಾನೇ ಬೀಗ ತೆಗೆದೆ. ಹಿತ್ತಾಳೆ ಕೆಳಗೆ, ಮರಳು ಮೇಲೆ. ಚೀಲದ ಮೇಲಿನ ಇನ್ನೂರು ಹಾಗೆಯೇ ಇತ್ತು. ತಕ್ಕಡಿಯಣ್ಣ ಅದನ್ನು ಬಿಚ್ಚಿ ಅಕ್ಕನ ಕಣ್ಣೆದುರಿಗೆ ತೂಗಿದ. ನೂರ ಎಪ್ಪತ್ತು.

ಮೊದಲು ಅರ್ಥವಾದದ್ದು ಹುಡುಗಿಗೆ. "ಮಾವ" ಎಂದಳು. "ಮಾವ, ಅವತ್ತು ಮೂಟೆ ಒದ್ದೆ ಇತ್ತಾ?"

"ಹ್ಞೂಂ. ನಾಲ್ಕು ದಿನ ಬಿಸಿಲಲ್ಲಿತ್ತು. ನಾನು ಮತ್ತೆ ತೂಗಲಿಲ್ಲ ಪುಟ್ಟೀ. ಬರೆದದ್ದನ್ನ ನೋಡಿದೆ, ಸರಿ ಇದೆ ಅಂದ್ಕೊಂಡೆ. ನಿಮ್ಮಪ್ಪ ಕುಡಿದಿರಲಿಲ್ಲ. ಗಟ್ಟಿ ಇದೆಯೇನೋ ಅಂತ ನನ್ನ ಕೇಳಿದ್ರು, ಕಲ್ಲಿನ ಹಾಗಿದೆ ಅಂತ ನಾನೇ ಹೇಳಿ ಇಳಿಸಿದೆ. ಮರಳು ಹಾರಬಾರದು ಅಂತ ನೀರು ಹಾಕಿದ್ದೂ ನಾನೇ." ಕಂಠಪಾಠ ಒಪ್ಪಿಸುವ ಮಕ್ಕಳ ಹಾಗೆ ಒಂದೇ ಉಸಿರಿಗೆ ಹೇಳಿದ.

ಹುಡುಗಿ ಅಳಲು ಶುರುಮಾಡಿದಳು. ಅಕ್ಕ ಅಳಲಿಲ್ಲ. ಕೋಲಿನ ಎತ್ತಿದ ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು, ಬಿಟ್ಟಳು. ಅದು ಮತ್ತೆ ಮೇಲೆ ಹೋಯಿತು.

"ಸುಳ್ಳು ಹೇಳಬೇಡ್ವೋ" ಎಂದಳು. "ನೀನು ತಕ್ಕಡಿ ಹತ್ರ ಇದ್ದೆ. ಎಂಟು ಮಹಡಿ, ನಾಲ್ಕು ಕೊಡ. ಇವಳನ್ನ ಸೊಂಟದಲ್ಲಿ ಇಟ್ಕೊಂಡು ನಾನು ಹೊತ್ತಿದ್ದು. ಇನ್ನೊಂದು ಕೊಡ ತಾ ಅಂದಿದ್ದು ಮೇಸ್ತ್ರಿ. ಮರೆಯೋಕಾಗುತ್ತಾ ಆ ಮೆಟ್ಟಿಲು? ಶುಕ್ರವಾರ ನೀನು ಬಟ್ಟಲಿಗೆ ನೀರು ಸುರಿದಾಗಲೇ ನನ್ನ ಎದೆ ಧಸಕ್ಕಂತು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಹೊರಗೆ ಹೋಗಬೇಕೋ, ಅಲ್ಲೇ ಇರಬೇಕೋ ತಿಳಿಯದೆ ನಿಂತಿದ್ದೆ. ನೀರಿನ ಮಾತು ಅವಳನ್ನು ನೆಲಕ್ಕೆ ಹಾಕುತ್ತದೆ ಎಂದು ಏಳು ತಿಂಗಳು ನಾವಿಬ್ಬರೂ ಹೆದರಿದ್ದೆವು. ಅವಳು ಅದನ್ನು ಒಂದು ಮಾತಿನಲ್ಲಿ ತನ್ನದೆಂದು ಎತ್ತಿಕೊಂಡುಬಿಟ್ಟಳು, ಕೊಡವನ್ನು ಎತ್ತಿಕೊಂಡ ಹಾಗೆ. ಅವಳ ಮುಖ ಬಿಳುಚಿದ್ದು ಅದಕ್ಕಲ್ಲ.

"ಹಾಗಾದ್ರೆ ಅವರು ಕುಡಿದಿರಲಿಲ್ಲ" ಎಂದಳು. ಅಲ್ಲಿಯವರೆಗೆ ಆ ಮನುಷ್ಯ, ಆ ಮನುಷ್ಯ ಎನ್ನುತ್ತಿದ್ದವಳು.

"ಇಲ್ಲ ಅಕ್ಕ."

"ಒಂದು ತೊಟ್ಟೂ?"

"ಇಲ್ಲ. ಬೆಳಿಗ್ಗೆ ಟೀ ಕುಡಿದಿದ್ರು. ನನ್ನ ಜೊತೇಲಿ."

ಅವಳು ಸ್ಟೂಲು ಹಿಡಿದು ಕೂತಳು. ಮಾತು ನನಗೆ ಹೇಳುತ್ತಿದ್ದಳೋ, ಮಗಳಿಗೋ ಗೊತ್ತಿಲ್ಲ, ಕಣ್ಣು ಗೋಡೆಯ ಮೇಲಿತ್ತು. "ದಿನಾ ಬರ್ತಾರೆ. ಹೋದ ದಿನದಿಂದ ಒಂದು ದಿನಾನೂ ತಪ್ಪಿಸಿಲ್ಲ. ಕೆಲಸ ಮುಗಿಸಿ ಬರ್ತಿದ್ದ ಹೊತ್ತಿಗೇ, ಐದೂವರೆಗೆ, ಬಾಗಿಲ ಹೊರಗೆ ಬಂದು ನಿಲ್ತಾರೆ. ಬಣ್ಣದ ವಾಸನೆ ಬರುತ್ತೆ. ಒಳಗೆ ಬರಲ್ಲ, ಕರೀಲಿ ಅಂತ ಕಾಯ್ತಾರೆ. ನಾನು ಒಳಗಿಂದಾನೇ ಬೈತೀನಿ. ಕುಡಿದು ನನ್ನ ಮಗೂನ ಬೀದಿಗೆ ಹಾಕಿ ಹೋದೋನಿಗೆ ನನ್ನ ಮನೇಲಿ ಜಾಗ ಇಲ್ಲ, ಹೋಗು, ಅಂತೀನಿ. ಚಿಲಕ ಹಾಕ್ತೀನಿ. ಒಂದು ಮಾತೂ ಆಡ್ದೆ ಹೊರಟುಹೋಗ್ತಾರೆ. ಮಾರನೇ ದಿನ ಮತ್ತೆ ಬರ್ತಾರೆ."

ಹುಡುಗಿ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ತಾಯಿಯನ್ನೇ ನೋಡುತ್ತಿದ್ದಳು. "ಅಮ್ಮ, ನೀನು ಬೆಕ್ಕನ್ನ ಬೈತೀಯ ಅಂದ್ಕೊಂಡಿದ್ದೆ" ಎಂದಳು.

"ನಿನ್ನೆ, ಮೊನ್ನೆ ನಾನು ಬೈಲಿಲ್ಲ ಕಣೇ. ಬಾಯೇ ಬರಲಿಲ್ಲ. ಕರೆಯೋಕೂ ಧೈರ್ಯ ಆಗಲಿಲ್ಲ, ನಿಜವೋ ಸುಳ್ಳೋ ಅಂತ. ಸುಮ್ಮನೆ ನಿಂತಿದ್ದೆ, ಬಾಗಿಲ ಈ ಕಡೆ ನಾನು, ಆ ಕಡೆ ಅವರು."

ತಕ್ಕಡಿಯಣ್ಣ ಮುಖದಿಂದ ಕೈ ತೆಗೆದ. "ಅಕ್ಕ, ನಾನು ಬೇರೆ ಕೋಣೆ ನೋಡ್ಕೋತೀನಿ. ನಾನು ಆ ಮನೇಲಿ..."

"ಏನಂದೆ?" ಅವಳು ಎದ್ದಳು. ಸೆರಗಿನಲ್ಲಿ ತಮ್ಮನ ಮುಖವನ್ನು, ಸಣ್ಣ ಮಗುವಿಗೆ ಒರೆಸುವಂತೆ, ಒರಟಾಗಿ ಒರೆಸಿದಳು. "ಒದ್ದುಬಿಡ್ತೀನಿ ನೋಡು. ನಾನೊಬ್ಬಳೇ ಹೇಗೆ ಅವರ ಮುಖ ನೋಡಲಿ?" ನನ್ನ ಕಡೆ ತಿರುಗಿ, "ಮೇಡಂ, ಗಂಟೆ ಎಷ್ಟು?" ಎಂದು ಕೇಳಿದಳು.

ನಾನು ಗಡಿಯಾರ ನೋಡಿ ಐದು ದಾಟಿದೆ ಎಂದೆ.

"ಬೇಗ ನಡೀರಿ ಇಬ್ಬರೂ" ಎಂದಳು. "ಮನೆಗೆ ಬೀಗ ಹಾಕಿ ಬಂದಿದ್ದೀನಿ. ಅವರು ಬಂದು ಹೊರಗೇ ನಿಂತಿರ್ತಾರೆ."